ಮುಂದಿನ ಸೈಕಲ್ಲಿನ ಸದ್ದು

ಬೊಕ್ಕಾಪುರದ ಮಹದೇವಸ್ವಾಮಿಯವರಿಗೆ ಈ ಲೋಕದಲ್ಲಿ ನಂಬಿಕೆಗೆ ಅರ್ಹವಾಗಿ ಕಂಡದ್ದು ಒಂದೇ ವಸ್ತು, ಅವರ ಸೈಕಲ್ಲು. ಮಿಕ್ಕಿದ್ದೆಲ್ಲವೂ ತನಿಖೆಗೆ ಒಳಪಟ್ಟದ್ದು. ಬಸ್ಸಿನ ಹಣೆಯ ಮೇಲೆ ಊಟಿ ಎಂದು ಬರೆದಿದ್ದರೂ ಡ್ರೈವರನ್ನು ಕೇಳುತ್ತಿದ್ದರು. ಡ್ರೈವರು ಹೌದೆಂದರೆ ಕಂಡಕ್ಟರನ್ನು ಕೇಳುತ್ತಿದ್ದರು. ಇಬ್ಬರೂ ಒಂದೇ ಮಾತು ಹೇಳಿದರೆ, ಇವರು ಮೊದಲೇ ಮಾತಾಡಿಕೊಂಡಿದ್ದಾರೆ ಎಂದುಕೊಂಡು, ಕಿಟಕಿ ಪಕ್ಕ ಕೂತು ಕಲ್ಲಟ್ಟಿ ಘಾಟಿಯ ತಿರುವುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಲೆಕ್ಕ ಸರಿಬಂದರೆ ಮಾತ್ರ ಬಸ್ಸಿಗೆ ದಾರಿ ಗೊತ್ತಿದೆ ಎಂದು ಒಪ್ಪುತ್ತಿದ್ದರು. ಹೋದ ಸಲ ಹಳದಿ ಮಾತ್ರೆ ಕೊಟ್ಟ ಡಾಕ್ಟರು ಈ ಸಲ ಬಿಳಿ ಮಾತ್ರೆ ಕೊಟ್ಟರೆ, ಜ್ವರ ಇಳಿದ ಮೇಲೂ ವಾರವಿಡೀ ಆ ಬಣ್ಣದ ಬದಲಾವಣೆಯ ಹಿಂದೆ ಯಾರಿದ್ದಾರೆ ಎಂದು ಯೋಚಿಸುತ್ತಿದ್ದರು.

ಅವರ ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ಎರಡೆಕರೆ ಹೊಲ ಮಾಡಿದವರು. ಮಗನಿಗೆ ಆ ಹೊಲ, ನಾಲ್ಕು ಹಸು ಮತ್ತು ಈ ಗುಣ ಬಂದವು. ಸೈಕಲ್ಲು ಮಾತ್ರ ಸ್ವಂತದ ಗಳಿಕೆ. ಎಂಬತ್ತಾರರಲ್ಲಿ ಗುಂಡ್ಲುಪೇಟೆಯ ಒಬ್ಬ ಮೇಷ್ಟರಿಂದ ಕೊಂಡದ್ದು, ಇಪ್ಪತ್ತೆರಡು ಇಂಚಿನ ಕಪ್ಪು ಸೈಕಲ್ಲು. ಮೇಷ್ಟರ ಕಾಲದಲ್ಲಿ ಅದಕ್ಕೆ ಬೆಲ್ಲಿತ್ತು, ಚೈನಿಗೆ ತಗಡಿನ ಕವರಿತ್ತು, ಸೀಟಿನ ಕೆಳಗೆ ಕಿರುಗುಟ್ಟುವ ಎರಡು ಸ್ಪ್ರಿಂಗಿದ್ದವು. ಒಟ್ಟಿನಲ್ಲಿ ಮೇಷ್ಟರ ಹಾಗೆಯೇ ಮಾತುಗಾರ ಸೈಕಲ್ಲು. ಮಹದೇವಸ್ವಾಮಿ ಅದಕ್ಕೆ ಮೌನದೀಕ್ಷೆ ಕೊಟ್ಟರು.

ಮೊದಲು ಬೆಲ್ಲು ಹೋಯಿತು. ಬೆಲ್ಲಿನ ಹಿಂದೆಯೇ ಚೈನಿನ ಕವರು. ಮಡ್‌ಗಾರ್ಡಿನ ಕಂಬಿಗಳಿಗೆ ಹಳೇ ಟ್ಯೂಬಿನ ಪಟ್ಟಿ ಸುತ್ತಿದರು. ಬ್ರೇಕಿನ ಕಡ್ಡಿಗಳು ಹ್ಯಾಂಡಲ್ಲಿಗೆ ತಾಗುವ ಕಡೆ ಬಟ್ಟೆ ಕಟ್ಟಿದರು. ಸೀಟಿನ ಸ್ಪ್ರಿಂಗಿನೊಳಗೆ ತೆಂಗಿನ ನಾರು ತುರುಕಿ ಮೇಲೆ ಗ್ರೀಸು ಬಳಿದರು. ಸ್ಟ್ಯಾಂಡು ಹಳ್ಳದಿಣ್ಣೆಯಲ್ಲಿ ಕುಣಿಯುತ್ತಿತ್ತು, ಅದನ್ನು ರಬ್ಬರಿನಿಂದ ಬಿಗಿದರು. ಪೆಡಲು ತುಳಿಯದೆ ಬಿಟ್ಟಾಗ ಹಿಂದಿನ ಚಕ್ರದ ನಡುವಿನಿಂದ ಟಿಕಿಟಿಕಿ ಎಂದು ಬರುವ ಸದ್ದಿದೆಯಲ್ಲ, ಎಲ್ಲ ಸೈಕಲ್ಲಿನವರೂ ದೇವರು ಕೊಟ್ಟದ್ದು ಎಂದು ಒಪ್ಪಿಕೊಂಡ ಸದ್ದು, ಅದನ್ನೂ ಅವರು ಬಿಡಲಿಲ್ಲ. ಲಾರಿಗೆ ಹಾಕುವ ದಪ್ಪ ಗ್ರೀಸನ್ನು ಫ್ರೀವೀಲಿನೊಳಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿ ಅದರ ಬಾಯಿ ಮುಚ್ಚಿಸಿದರು. ಕ್ಯಾರಿಯರಿನ ಆಚೆಗೊಂದು ಈಚೆಗೊಂದು ಹಾಲಿನ ಕ್ಯಾನು, ಕ್ಯಾನಿಗೂ ಕಬ್ಬಿಣಕ್ಕೂ ನಡುವೆ ಗೋಣಿತಾಟು, ಮುಚ್ಚಳದ ಕೆಳಗೆ ಒದ್ದೆ ಬಟ್ಟೆ. ಹೀಗೆ ಸಿದ್ಧವಾದ ಸೈಕಲ್ಲು ಪಕ್ಕದಲ್ಲೇ ಹಾದರೂ ಗಾಳಿ ಬೀಸಿದ್ದಷ್ಟೇ ತಿಳಿಯುತ್ತಿತ್ತು. ಊರಿನ ನಾಯಿಗಳು ಅದು ದಾಟಿಹೋದ ಮೇಲೆ ಎಚ್ಚೆತ್ತು, ಕೆಲಸ ತಪ್ಪಿಸಬಾರದೆಂದು ಒಂದೆರಡು ಸಲ ಬೊಗಳಿ ಮತ್ತೆ ಮಲಗುತ್ತಿದ್ದವು.

ಇದು ಶೋಕಿಗೆ ಮಾಡಿದ್ದಲ್ಲ. ಬೊಕ್ಕಾಪುರದಿಂದ ಮಸಿನಗುಡಿಯ ಹಾಲಿನ ಡೈರಿಗೆ ಐದು ಕಿಲೋಮೀಟರು. ಬೆಳಕು ಹರಿಯುವ ಹೊತ್ತಿಗೆ ಆ ದಾರಿಯಲ್ಲಿ ಆನೆಗಳಿಗೂ ಕೆಲಸವಿರುತ್ತದೆ. ಅದಕ್ಕೇ ಹಾಲಿನವರು ಒಂಟಿಯಾಗಿ ಹೊರಡುತ್ತಿರಲಿಲ್ಲ. ನಾಲ್ಕು ಸೈಕಲ್ಲು ಸಾಲಾಗಿ ಹೋಗುವುದು ಪದ್ಧತಿ. ಎಲ್ಲಕ್ಕಿಂತ ಮುಂದೆ ಸದ್ದಿಲ್ಲದ ಸೈಕಲ್ಲು. ಅದರ ಮೇಲೆ ಕೂತವನ ಕೆಲಸ ಕೇಳಿಸಿಕೊಳ್ಳುವುದು: ಬಿದಿರು ಮುರಿದ ಸದ್ದು, ಮೊರದಗಲದ ಕಿವಿ ಬೀಸಿದ ಸದ್ದು, ದೊಡ್ಡ ಹೊಟ್ಟೆಯೊಳಗಿನ ಗುಡುಗು. ಕೇಳಿಸಿದೊಡನೆ ಅವನು ಎಡಗೈ ಮೇಲೆತ್ತುತ್ತಾನೆ. ಐವತ್ತು ಹೆಜ್ಜೆ ಹಿಂದಿರುವ ಇಬ್ಬರು ಅದನ್ನು ಕಂಡು ತಾವೂ ಕೈಯೆತ್ತಿ ನಿಲ್ಲುತ್ತಾರೆ. ಅವರಿಗಿಂತ ಇನ್ನೂ ದೂರದಲ್ಲಿ, ಕೊನೆಗೆ, ಸದ್ದಿನ ಸೈಕಲ್ಲು. ಬೆನ್ನ ಹಿಂದೆ ಯಾವುದೂ ರಸ್ತೆಗೆ ಇಳಿಯದಂತೆ ಗದ್ದಲ ಮಾಡುತ್ತ ಬರುವುದು ಅದರ ಪಾಲಿನ ಕೆಲಸ.

ಹನ್ನೊಂದು ವರ್ಷದಿಂದ ಮುಂದಿನ ಸೈಕಲ್ಲು ಮಹದೇವಸ್ವಾಮಿಯವರದು. ಬೇರೆ ಪದವಿ ಅವರಿಗೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಡೈರಿಯಲ್ಲಿ ಅವರ ಕ್ಯಾನನ್ನೇ ಮೊದಲು ಇಳಿಸುತ್ತಿದ್ದರು. ಮದುವೆ ಮನೆಗಳಲ್ಲಿ ಅವರನ್ನು ‘ಮುಂದಿನ ಸೈಕಲ್ಲಿನವರು’ ಎಂದು ಪರಿಚಯ ಮಾಡಿಸಿದರೆ, ಕೂತವರು ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಡುತ್ತಿದ್ದರು. ಕುದುರೆ ಇಲ್ಲದ, ಕತ್ತಿ ಇಲ್ಲದ, ಶತ್ರುವನ್ನು ಕಂಡರೆ ಕೈಯೆತ್ತಿ ನಿಲ್ಲುವುದೇ ಪರಾಕ್ರಮವಾದ ದಂಡನಾಯಕರು ಅವರು.

ಕೊನೆಯ ಸೈಕಲ್ಲು ರಾಜಾಮಣಿಯದು. ಇವನು ಕಲ್ಲಟ್ಟಿ ಮೇಲಿನ ಒಂದು ಹಟ್ಟಿಯವನು, ನೀಲಗಿರಿಯ ಬಡಗ ಜನಾಂಗದವನು. ಟೀ ಎಲೆಗೆ ಬೆಲೆ ಬಿದ್ದ ಮೇಲೆ ತೋಟವನ್ನು ಅಣ್ಣನಿಗೆ ಬಿಟ್ಟು, ಬೊಕ್ಕಾಪುರದಲ್ಲಿ ಗುತ್ತಿಗೆಗೆ ನೆಲ ಹಿಡಿದು ಹಸು ಕಟ್ಟಿದವನು. ನಲವತ್ತರ ಹರೆಯ, ನಗುಮುಖ. ನಗುಮುಖದವರ ಬಗ್ಗೆ ಮಹದೇವಸ್ವಾಮಿಯವರ ಅಭಿಪ್ರಾಯ ಬೇರೆ ಹೇಳಬೇಕಿಲ್ಲ. ಇವನ ಸೈಕಲ್ಲಿಗೆ ಎರಡು ಬೆಲ್ಲು, ಕಡ್ಡಿ ಕಡ್ಡಿಗೂ ಬಣ್ಣದ ಮಣಿ, ಚಕ್ರಕ್ಕೆ ತಾಗಿ ಟರ್ರೆನ್ನುವಂತೆ ಬಗ್ಗಿಸಿ ಕಟ್ಟಿದ ತಗಡು, ಡೈನಮೋ, ಎರಡೂ ಕಡೆ ಕನ್ನಡಿ, ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಹುಲಿಯ ಚಿತ್ರದ ರಬ್ಬರು. ಅದು ಬಂದರೆ ಪಾತ್ರೆ ಅಂಗಡಿಯೊಂದು ಉರುಳಿಕೊಂಡು ಬಂದಂತಿರುತ್ತಿತ್ತು.

ರಾಜಾಮಣಿಗೆ ಒಂದು ಸಿದ್ಧಾಂತವಿತ್ತು. ಅದನ್ನು ಅವನು ಡೈರಿಯ ಅಂಗಳದಲ್ಲಿ ಟೀ ಕುಡಿಯುತ್ತ ಆಗಾಗ ಮಂಡಿಸುತ್ತಿದ್ದ.

“ಅಣ್ಣಾ, ಎಂಗ ಹಟ್ಟಿಲಿ ಆನೆಗೆ ತಗಡು ಬಡೀತಾರೆ. ದೂರದಿಂದಲೇ ಕೇಳಿದ್ರೆ ಅದೇ ಸರ್ಕೊಂಡು ಹೋಗ್ತದೆ. ಮುಂದೆ ಹೋಗೋದೇ ಸೌಂಡ್ ಸೈಕಲ್ಲಾಗಿರ್ಬೇಕು. ಸದ್ದಿಲ್ಲದೆ ಹೋಗಿ ಅದ್ರ ಕಾಲಡಿಗೆ ನಿಂತು ಕೈ ಎತ್ತಿದ್ರೆ, ಅದು ನಮಸ್ಕಾರ ಅನ್ಕೊಂಡು ಸೊಂಡ್ಲು ಎತ್ತಿದ್ರೆ?”

ಎಲ್ಲರೂ ನಗುತ್ತಿದ್ದರು. ಮಹದೇವಸ್ವಾಮಿ ನಗುತ್ತಿರಲಿಲ್ಲ. ಮೊದಲು ಯಾರು ನಕ್ಕರು, ಎಷ್ಟು ಹೊತ್ತು ನಕ್ಕರು ಎಂದು ಗಮನಿಸುತ್ತಿದ್ದರು.

ತೊಂಬತ್ತೊಂಬತ್ತರ ಪೊಂಗಲ್ ಕಳೆದ ಎರಡನೇ ವಾರ, ಒಂದು ಬೆಳಿಗ್ಗೆ, ಹಳ್ಳ ದಾಟಿ ಏರು ಹತ್ತುವಾಗ ಮುಂದಿನ ಸೈಕಲ್ಲಿನಿಂದ ಒಂದು ಸದ್ದು ಬಂತು.

ಕಟಕ್.

ಮಹದೇವಸ್ವಾಮಿ ಕೈಯೆತ್ತಿದರು. ಹಿಂದಿನವರು ನಿಂತರು. ಕಾಡು ಸುಮ್ಮನಿತ್ತು. ಒಂದು ಕಾಡುಕೋಳಿ ಕೂಗಿತು, ಅದರಲ್ಲಿ ವಿಶೇಷವೇನಿರಲಿಲ್ಲ. ಕೈಯಿಳಿಸಿ ಪೆಡಲು ತುಳಿದರು. ಕಟಕ್. ಬಲಗಡೆಯ ಪೆಡಲು ಮೇಲೆ ಬಂದು ಭಾರ ತಗೊಂಡು ಕೆಳಗಿಳಿಯುವಾಗ, ಸುತ್ತಿಗೆ ಒಂದು ಸಲ, ತಪ್ಪದೆ, ಕಟಕ್. ಬರುವಾಗ, ಖಾಲಿ ಕ್ಯಾನಿನಲ್ಲಿ, ಇಳಿಜಾರಿನಲ್ಲಿ, ಸದ್ದೇ ಇಲ್ಲ. ಮರುದಿನ ಮತ್ತೆ ಅದೇ ಏರು, ಅದೇ ಕಟಕ್.

ಇದು ಯಂತ್ರದ ದೋಷವಲ್ಲ, ಮನುಷ್ಯರ ಕೈವಾಡ ಎಂಬುದನ್ನು ಕಂಡುಕೊಳ್ಳಲು ಅವರಿಗೆ ಆ ಏರು ಮುಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಹನ್ನೆರಡು ವರ್ಷ ಇಲ್ಲದ ಸದ್ದು ಈಗ ಯಾಕೆ ಬಂತು? ಬಂದದ್ದು ಹೋಗುವಾಗ ಮಾತ್ರ, ನಾಲ್ಕು ಜನರ ಕಿವಿಗೆ ಬೀಳುವ ಹಾಗೆ ಯಾಕೆ ಬಂತು? ಸದ್ದಿನಿಂದ ಲಾಭ ಯಾರಿಗೆ? ಲಾಭ ಪಡೆಯುವವನು ಹಿಂದಿನಿಂದ ಎರಡು ಬೆಲ್ಲು ಬಾರಿಸುತ್ತ ನಗುನಗುತ್ತ ಬರುತ್ತಿದ್ದ.

ತನಿಖೆ ಮಸಿನಗುಡಿ ಬಸ್ ಸ್ಟ್ಯಾಂಡಿನ ಪಕ್ಕದ ಮಣಿಯ ಸೈಕಲ್ ಅಂಗಡಿಯಿಂದ ಶುರುವಾಯಿತು. ಆ ಸೈಕಲ್ಲನ್ನು ಇವರ ಹೊರತು ಮುಟ್ಟುವ ಅಧಿಕಾರ ಮಣಿಗೊಬ್ಬನಿಗೇ ಇತ್ತು, ಅದೂ ಇವರು ಎದುರಿಗೆ ನಿಂತಿರುವಾಗ.

“ಮಣಿ, ದಿಟ ಹೇಳು. ಯಾರು ಹೇಳಿ ಮಾಡ್ಸುದ್ರು?”

“ಏನು ಮಾಡ್ಸಿದ್ರು?”

“ಸದ್ದ.”

“ಸಾಮಿ, ಸದ್ದು ಮಾಡಿಸೋಕೆ ಯಾರೂ ಅಂಗಡಿಗೆ ಬರಲ್ಲ. ಅದು ತಾನಾ ಬರುತ್ತೆ. ಅದನ್ನ ಹೋಗಿಸೋಕೆ ಈ ಊರಲ್ಲಿ ನೀವೊಬ್ರು ಬರ್ತೀರಿ.”

ಸುತ್ತಿಗೆ ಒಂದೇ ಸಲ ಬರುವ ಸದ್ದಾದರೆ ಅದು ಕಾಟರ್ ಪಿನ್ನಿನದೇ ಎಂದು ಮಣಿ ಹೇಳಿದ. ಪೆಡಲಿನ ಕೈಯನ್ನು ಅಚ್ಚಿಗೆ ಬಿಗಿಯುವ ಸಣ್ಣ ಮೊಳೆ ಅದು. ಹಳೆಯದನ್ನು ಹೊಡೆದು ತೆಗೆದು ಹೊಸದನ್ನು ಕೂರಿಸಿದ. ಮಹದೇವಸ್ವಾಮಿ ಹಳೆಯ ಪಿನ್ನನ್ನು ಸಾಕ್ಷಿಯಾಗಿ ಪಂಚೆಯ ಗಂಟಿಗೆ ಕಟ್ಟಿಕೊಂಡರು. ಮರುದಿನ ಏರಿನಲ್ಲಿ: ಕಟಕ್. ಮತ್ತೆ ಅಂಗಡಿ. ಈ ಸಲ ಅಚ್ಚನ್ನೇ ಬಿಚ್ಚಿಸಿದರು. ಒಳಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಸಿ ಅಂಗೈಯಲ್ಲಿ ಹಾಕಿಕೊಂಡು ಎಣಿಸಿದರು. ಆ ಕಡೆ ಹನ್ನೊಂದು, ಈ ಕಡೆ ಹನ್ನೊಂದು.

“ಸರಿಯಾಗೇ ಇದೆಯಲ್ಲ ಸಾಮಿ,” ಎಂದ ಮಣಿ.

“ಅದೇ ನನ್ಗೂ ಅನುಮಾನ,” ಎಂದರು ಮಹದೇವಸ್ವಾಮಿ.

ಮನೆಯಲ್ಲಿ ಕಾವಲು ಏರ್ಪಾಡಾಯಿತು. ಎಲ್ಲ ನಟ್ಟಿನ ಮೇಲೂ ಸುಣ್ಣದ ಗೆರೆ ಎಳೆದರು. ಯಾರಾದರೂ ತಿರುಗಿಸಿದರೆ ಗೆರೆ ಮುರಿಯಬೇಕು. ಹಿಂದಿನ ಚಕ್ರದಿಂದ ಕಂಬಕ್ಕೆ ಕಪ್ಪು ನೂಲು ಕಟ್ಟಿದರು. ಇಷ್ಟಕ್ಕೂ ತೃಪ್ತಿಯಾಗದೆ, ಹೆಜ್ಜೆ ಗುರುತು ಹಿಡಿಯಲು ಸೈಕಲ್ಲಿನ ಸುತ್ತ ತೆಳ್ಳಗೆ ರಾಗಿ ಹಿಟ್ಟು ಎರಚಿದರು. ಬೆಳಿಗ್ಗೆ ಸುಣ್ಣ ಮುರಿದಿರಲಿಲ್ಲ, ನೂಲು ಹರಿದಿರಲಿಲ್ಲ, ಹಿಟ್ಟಿನ ಮೇಲೆ ಮನೆಯ ಹೆಂಟೆಯ ಕಾಲಿನ ಗುರುತು ಮಾತ್ರ ಇತ್ತು.

“ಕೋಳಿಯ ಬುಟ್ಟೋರು ಯಾರು?” ಎಂದು ಹೆಂಡತಿಯನ್ನು ಕೇಳಿದರು.

ಚನ್ನಾಜಮ್ಮ ಮೂವತ್ತು ವರ್ಷದಿಂದ ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟು ನುರಿತವರು. “ನಾನೇ ಬುಟ್ಟೆ. ಕೋಳಿನ ಬೆಳಗ್ಗ ಬುಡ್ದೆ ಸಂದ್ಯಾಗ ಬುಡಕಾದದ? ಅದ್ಕೂ ಸೈಕಲ್ ರಿಪೇರಿ ಕಲ್ಸುಬುಟ್ಟಿದ್ದನಾ ರಾಜಾಮಣಿ, ಕೇಳಿ ನೋಡಿ. ಮುದ್ದಗ ಹಿಟ್ಟಿಲ್ಲ, ನೆಲಕ್ಕ ಹಿಟ್ಟು.”

ಮಹದೇವಸ್ವಾಮಿ ಮೊದಲ ಎರಡು ಮಾತನ್ನು ಕೇಳಿಸಿಕೊಳ್ಳಲಿಲ್ಲ. ರಾಜಾಮಣಿಯ ಹೆಸರನ್ನು ತಾನಾಗಿ ಅವಳೇ ಎತ್ತಿದ್ದು ಹೇಗೆ ಎಂದು ಯೋಚಿಸುತ್ತ ಹಸುವಿಗೆ ಹುಲ್ಲು ಹಾಕಿದರು.

ಅನುಮಾನದಲ್ಲಿ ಒಂದು ಸುಖವಿದೆ, ಆದರೆ ಅದು ಕಿವಿಯನ್ನು ತಿನ್ನುತ್ತದೆ. ಆ ವಾರ ಮುಂದಿನ ಸೈಕಲ್ಲಿನ ದಂಡನಾಯಕರು ಕಾಡನ್ನು ಕೇಳುವುದು ಬಿಟ್ಟು ತಮ್ಮ ಪೆಡಲನ್ನು ಕೇಳತೊಡಗಿದ್ದರು. ಗುರುವಾರ ಏರಿನ ನೆತ್ತಿಯಲ್ಲಿ, ರಸ್ತೆಯಿಂದ ಹತ್ತು ಹೆಜ್ಜೆಯಲ್ಲಿ, ಲಾಂಟಾನದ ಮರೆಯಲ್ಲಿ ಒಂದು ಒಂಟಿ ಕಾಟಿ ನಿಂತಿತ್ತು. ಸಣ್ಣ ಮನೆಯಷ್ಟಿದ್ದ ಆ ಕಾಡುಕೋಣ ಸುಮ್ಮನೂ ಇರಲಿಲ್ಲ, ಮೂಗಿನಿಂದ ಬುಸ್ಸೆನ್ನುತ್ತಿತ್ತು. ಮಹದೇವಸ್ವಾಮಿ ತಲೆ ಬಗ್ಗಿಸಿ ಬಲಗಡೆಯ ಪೆಡಲಿನ ಕಡೆ ಕಿವಿ ಕೊಟ್ಟು, ಕಟಕ್, ಕಟಕ್, ಎಂದು ಅದರ ಮುಂದೆಯೇ ಹಾದುಹೋದರು. ಹಿಂದಿದ್ದ ನಂಜುಂಡನ್ ಬುಸ್ಸೆಂದದ್ದು ಕೇಳಿ, ತಿರುಗಿ ಅದನ್ನು ಕಂಡು ಸೈಕಲ್ಲು ಬಿಟ್ಟು ಹಾರಿದ. ಹಾಲು ರಸ್ತೆಗೆ ಚೆಲ್ಲಿತು. ಕಾಟಿ ಇವರೆಲ್ಲರನ್ನೂ ಒಮ್ಮೆ ನೋಡಿ, ತನ್ನ ಮರ್ಯಾದೆಗೆ ತಕ್ಕವರಲ್ಲವೆಂದು ತೀರ್ಮಾನಿಸಿ, ಕಾಡಿಗೆ ತಿರುಗಿತು.

ನಂಜುಂಡನ್ ಡೈರಿಯ ಜೊತೆಗೆ ಮಸಿನಗುಡಿಯ ಒಂದು ರೆಸಾರ್ಟಿನ ಅಡಿಗೆಮನೆಗೂ ಹಾಲು ಕೊಡುವವನು. ಮಾತು ಕಮ್ಮಿ. ಅಂದು ಡೈರಿಯ ಅಂಗಳದಲ್ಲಿ ಮಾತಾಡಿದ.

“ಅಣ್ಣಾ, ತಪ್ಪು ತಿಳೀಬೇಡಿ. ನಾವು ನಿಮ್ಮ ಕೈ ನೋಡ್ಕೊಂಡು ಬರ್ತೀವಿ. ಕೈ ಏಳಲಿಲ್ಲ ಅಂದ್ರೆ ದಾರಿ ಸರಿಯಾಗಿದೆ ಅಂತ ಬರ್ತೀವಿ.”

“ಸದ್ದ ಹಿಡೀತಾ ಇದ್ದೀನಿ ಕಣೋ. ಯಾರ ಕೆಲ್ಸ ಅಂತ ಇನ್ನೇನು ಗೊತ್ತಾಯ್ತದ.”

“ಯಾರ ಕೆಲಸ ಆದ್ರೂ ಸರಿ. ಭಾನುವಾರದೊಳಗೆ ಹೋಗಲಿಲ್ಲ ಅಂದ್ರೆ, ಸೋಮವಾರದಿಂದ ಬೇರೆಯವರು ಮುಂದೆ ಹೋಗಲಿ.”

ಸಾಲಿನ ನಡುವೆ ನಂಜುಂಡನ ಜೊತೆಗೆ ಬರುವ ವಸಂತಕುಮಾರ್ ನೆಲ ನೋಡುತ್ತ ತಲೆಯಾಡಿಸಿದ. ರಾಜಾಮಣಿ ತನ್ನ ಕನ್ನಡಿ ಒರೆಸುತ್ತಿದ್ದ. ಬಾಯಿ ಬಿಡದೆ ಒರೆಸುವ ಆ ರೀತಿಯೇ ಅಪರಾಧದ ಪೂರ್ಣ ಒಪ್ಪಿಗೆಯಾಗಿ ಮಹದೇವಸ್ವಾಮಿಯವರಿಗೆ ಕಂಡಿತು.

“ಎಲ್ಲಾರೂ ತುಳೀರಿ,” ಎಂದರು ಮಹದೇವಸ್ವಾಮಿ, ಭಾನುವಾರದವರೆಗೆ ಕಾದು. “ನನ್ನ ಸೈಕಲ್ಲ ನನ್ನ ಕಣ್ಣೆದುರ್ಗ ಒಬ್ಬೊಬ್ಬರೂ ತುಳೀರಿ. ಯಾರು ತುಳ್ದಾಗ ಸದ್ದು ಬತ್ತದೋ, ಯಾರ್ಗ ಬರ್ದೇ ನಿಂತದೋ, ನೋಡ್ಬುಡಾನ.”

ಹನ್ನೆರಡು ವರ್ಷದಲ್ಲಿ ಬೇರೆಯವರು ಆ ಸೀಟಿನ ಮೇಲೆ ಕೂತದ್ದೇ ಇಲ್ಲ. ಅಂದು ಮಧ್ಯಾಹ್ನ ಡೈರಿಯ ಹಿಂದಿನ ಏರಿನಲ್ಲಿ, ಕ್ಯಾನಿಗೆ ನೀರು ತುಂಬಿ, ಅಗ್ನಿಪರೀಕ್ಷೆ ನಡೆಯಿತು. ಮಣಿಯೂ ಅಂಗಡಿ ಮುಚ್ಚಿ ನೋಡಲು ಬಂದ. ನಂಜುಂಡನ್ ತುಳಿದ. ಸದ್ದಿಲ್ಲ. ವಸಂತಕುಮಾರ್ ತುಳಿದ. ಸದ್ದಿಲ್ಲ. ರಾಜಾಮಣಿ ಪಂಚೆ ಎತ್ತಿ ಕಟ್ಟಿ, ಸೈಕಲ್ಲಿಗೆ ಕೈಮುಗಿದು, ಹತ್ತಿದ. ಏರು ಮುಗಿಯುವವರೆಗೆ ಗಾಳಿಯಷ್ಟೇ ಕೇಳಿಸಿತು.

“ಬೆಣ್ಣೆ ಅಣ್ಣಾ, ಬೆಣ್ಣೆ,” ಎಂದ ಇಳಿದು. ಅವನ ಮುಖದಲ್ಲಿ ನಗುವಿರಲಿಲ್ಲ, ಆಸೆಯಿತ್ತು.

ಆಮೇಲೆ ಮಹದೇವಸ್ವಾಮಿ ಹತ್ತಿದರು. ಮೊದಲ ಸುತ್ತಿಗೇ ಕಟಕ್. ಏರಿನ ಬುಡದಿಂದ ನೆತ್ತಿಯವರೆಗೆ, ಕಟಕ್, ಕಟಕ್, ಯಾರೋ ನಡೆದು ಸಾಕ್ಷಿ ಹೇಳಿದ ಹಾಗೆ. ರಾಜಾಮಣಿ ಪಕ್ಕದಲ್ಲೇ ನಡೆದು ಬಂದ. ಬರುಬರುತ್ತ ಬಗ್ಗಿದ. ಏನನ್ನೋ ಕೇಳಿಸಿಕೊಂಡ. ಆಮೇಲೆ ನೆಟ್ಟಗಾಗಿ ಬೆಟ್ಟದ ಕಡೆ ನೋಡಿದ.

“ಏನು ಕಂಡೆ?” ಎಂದು ಕೇಳಿದರು ಮಹದೇವಸ್ವಾಮಿ.

“ಏನಿಲ್ಲೆ ಅಣ್ಣಾ. ಮೋಡ ಇಳೀತಾ ಇದೆ. ಮನೆಗೆ ಹೋಗಿ.”

ಮಹದೇವಸ್ವಾಮಿ ಸೈಕಲ್ಲನ್ನು ನೋಡಿದರು. ಹನ್ನೆರಡು ವರ್ಷ ಅನ್ನ ತಿಂದು, ಕೊನೆಗೆ ಕೋಟೆಯ ಹಿಂಬಾಗಿಲು ತೆರೆದುಕೊಟ್ಟ ಸೇನಾಪತಿಯನ್ನು ರಾಜ ನೋಡುವ ಹಾಗೆ ನೋಡಿದರು. ಬೇರೆಯವರಿಗೆಲ್ಲ ಬಾಯಿ ಮುಚ್ಚಿಕೊಂಡು, ಸಾಕಿದವನು ಹತ್ತಿದಾಗ ಮಾತ್ರ ದೂರು ಹೇಳುವುದೆಂದರೇನು? ಇಷ್ಟು ದಿನ ಸೈಕಲ್ಲಿಗೆ ಯಾರು ಏನು ಮಾಡಿದರು ಎಂದು ಹುಡುಕಿದ್ದು ತಪ್ಪಾಯಿತು. ಸೈಕಲ್ಲೇ ಆ ಕಡೆಗೆ ಸೇರಿಕೊಂಡಿದೆ. ಅಂದು ಅವರು ಅದರ ಮೇಲೆ ಕೂರದೆ, ಐದು ಕಿಲೋಮೀಟರು ತಳ್ಳಿಕೊಂಡೇ ಮನೆಗೆ ಬಂದರು.

ಸಂಜೆ ಹಾಲು ಕರೆಯಲು ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

ಕಟಕ್.

ಬಕೆಟ್ಟು ಬಿಟ್ಟು ಎದ್ದರು. ಏಳುವಾಗ ಇನ್ನೊಂದು. ಕೊಟ್ಟಿಗೆಯ ಮೂಲೆ ಮೂಲೆ ನೋಡಿದರು. ಸೈಕಲ್ಲು ಅಂಗಳದ ಆ ತುದಿಯಲ್ಲಿ ಗೋಡೆಗೆ ಒರಗಿ, ಇದರಲ್ಲಿ ತನ್ನ ಪಾತ್ರವಿಲ್ಲವೆಂಬಂತೆ ನಿಂತಿತ್ತು.

“ಯಾರಮೀ ಅಲ್ಲಿ?”

“ಯಾರೂ ಇಲ್ಲ,” ಎಂದರು ಚನ್ನಾಜಮ್ಮ, ಕರುವನ್ನು ಹಿಡಿದುಕೊಂಡು. “ನಿಮ್ಮ ಮಂಡಿ.”

“ಯಾವ ಮಂಡಿ?”

“ಬಲಗಾಲಿಂದು. ದೀಪಾವಳಿಯಿಂದ ಇಂಗೇ ಅದ. ನೀವು ಕೂತ್ರ ಒಂದು, ಎದ್ರ ಒಂದು. ಹಸುಗೂ ಗೊತ್ತು ಕನಾ, ಆ ಸದ್ದು ಕೇಳ್ದೇಟ್ಗೆ ಹಾಲು ಇಳುಸ್ತದ.”

“ದೀಪಾವಳಿಯಿಂದ ಗೊತ್ತಿದ್ರೂ ನೀ ಯಾಕ ಹೇಳ್ನಿಲ್ಲ?”

“ನಿಮ್ಮ ಮಂಡಿ ನಿಮ್ಗ ಗೊತ್ತಿರ್ತದ ಅನ್ಕಂಡಿ. ನೀವು ಸೈಕಲ್ಲು ಸದ್ದು ಅಂದ್ರಿ. ಸೈಕಲ್ಲ ವಿಷ್ಯಕ್ಕ ಬಂದ್ರ ನನ್ನ ಮಾತ ಯಾವತ್ತು ಕೇಳಿದ್ದರಿ?”

ಅವಳು ಹೇಳಿದ್ದನ್ನು ಹಾಗೆಯೇ ನಂಬುವಂತಿರಲಿಲ್ಲ. ಮಹದೇವಸ್ವಾಮಿ ಹಿತ್ತಲಿಗೆ ಹೋಗಿ ಒಬ್ಬರೇ ನಿಂತು, ಮೊದಲು ಎಡಗಾಲನ್ನು ಮಡಚಿ ಭಾರ ಹಾಕಿದರು. ಸದ್ದಿಲ್ಲ. ಬಲಗಾಲನ್ನು ಮಡಚಿದರು. ಕಟಕ್. ಕೈಯನ್ನು ಮಂಡಿಯ ಮೇಲಿಟ್ಟು ಮಾಡಿದರು. ಕೈಗೂ ತಾಗಿತು. ಸಾಕ್ಷಿ ಬೇರೆ ಬೇಕಿರಲಿಲ್ಲ. ಐವತ್ತಾರು ವರ್ಷ ಮುದ್ದೆ ತಿಂದು, ಸಾರು ಕುಡಿದು, ಹಬ್ಬಕ್ಕೆ ತುಪ್ಪ ಬಳಿದುಕೊಂಡು, ಅವರ ಪಂಚೆಯೊಳಗೇ ಅಡಗಿ ಕೂತು, ಇಡೀ ಬೊಕ್ಕಾಪುರವನ್ನು ಅನುಮಾನಕ್ಕೆ ಗುರಿಮಾಡಿದ ದ್ರೋಹಿ ಸಿಕ್ಕಿಬಿದ್ದಿತ್ತು.

ಸಿಕ್ಕಿದ ಅಪರಾಧಿಯನ್ನು ಅವರು ತಮಗೆ ತಿಳಿದ ದಾರಿಯಲ್ಲೇ ತಿದ್ದಲು ನೋಡಿದರು. ಹರಳೆಣ್ಣೆ ಬಿಸಿಮಾಡಿ ಹಚ್ಚಿದರು. ಮೇಲೆ ಬಟ್ಟೆ ಸುತ್ತಿದರು. ಬಟ್ಟೆಯ ಮೇಲೆ ಹಳೇ ಟ್ಯೂಬಿನ ಪಟ್ಟಿ ಎಳೆದು ಎಳೆದು ಬಿಗಿದು, ಎರಡು ಗಂಟು ಹಾಕಿ, ಎದ್ದು ಕೂತು ನೋಡಿದರು. ಕಟಕ್. ಸ್ವಲ್ಪ ಮಂದವಾಗಿತ್ತು, ಕಂಬಳಿಯೊಳಗಿಂದ ಬಂದ ಹಾಗೆ. ಆದರೂ ಕಟಕ್. ಅವರ ಜೀವಮಾನದಲ್ಲಿ ಟ್ಯೂಬಿನ ಪಟ್ಟಿಗೆ ಸೋಲಾದದ್ದು ಅದೇ ಮೊದಲು.

“ಫ್ರೀವೀಲ್ಗ ಹಾಕ ಗ್ರೀಸ ಹಚ್ಚಿ ನೋಡಿ,” ಎಂದರು ಚನ್ನಾಜಮ್ಮ ಒಳಗಿನಿಂದ.

ಅವರು ಪಟ್ಟಿಯನ್ನು ಬಿಚ್ಚಿ ಪಕ್ಕಕ್ಕೆ ಹಾಕಿದರು. ಜಗಲಿಯ ಮೇಲೆ ಕಾಲು ಚಾಚಿ ಕೂತು ಯೋಚಿಸುತ್ತಿದ್ದರು. ಒಂದೇ ಕಾಲಲ್ಲಿ ತುಳಿದರೆ? ಏರಿನಲ್ಲಿ ಇಳಿದು ತಳ್ಳಿದರೆ? ಸದ್ದು ಹೋಯಿತು ಎಂದು ಹೇಳಿ, ಹಿಂದಿನವರನ್ನು ಐವತ್ತು ಹೆಜ್ಜೆಗೆ ಬದಲು ನೂರು ಹೆಜ್ಜೆ ದೂರ ಇಟ್ಟರೆ? ಕೊನೆಯದು ಒಳ್ಳೆಯ ಉಪಾಯವಾಗಿ ಕಂಡಿತು. ಆದರೆ ಅದರ ಹಿಂದೆಯೇ ಲಾಂಟಾನದ ಮರೆಯ ಕಾಟಿ ಬಂದು ನಿಂತಿತು. ಹತ್ತೇ ಹೆಜ್ಜೆ. ಅದು ಉಸಿರು ಬಿಟ್ಟದ್ದು ನಂಜುಂಡನಿಗೆ ಕೇಳಿತ್ತು, ಅವರಿಗೆ ಕೇಳಿರಲಿಲ್ಲ. ಇದನ್ನು ಯಾರ ಮೇಲೆ ಹಾಕಬಹುದು ಎಂದು ಎಲ್ಲ ಕಡೆಯಿಂದ ತಿರುಗಿಸಿ ನೋಡಿದರು. ಹಿಡಿಯಲು ಎಲ್ಲೂ ಒಂದು ತುದಿ ಸಿಗಲಿಲ್ಲ.

ಸೋಮವಾರ ಮುಂಜಾನೆ ನಾಲ್ವರೂ ಅರಳಿಮರದ ಕೆಳಗೆ ಸೇರಿದಾಗ ಮಂಜು ದಟ್ಟವಾಗಿತ್ತು. ಮಹದೇವಸ್ವಾಮಿ ಸೈಕಲ್ಲನ್ನು ತಳ್ಳಿಕೊಂಡು ಬಂದು ರಾಜಾಮಣಿಯ ಮುಂದೆ ನಿಲ್ಲಿಸಿದರು.

“ತಕ್ಕೊ,” ಎಂದರು. “ಮುಂದಕ್ಕ ನೀ ಹೋಗು. ಇದ್ರ ಮ್ಯಾಲೇ ಹೋಗು. ನಿಂದ ನನ್ಗ ಕೊಡು.”

ನಂಜುಂಡನ್ ಬಾಯಿ ತೆರೆದ. ರಾಜಾಮಣಿ ಅವನ ಕಡೆ ಒಮ್ಮೆ ನೋಡಿದ, ಅವನು ಮುಚ್ಚಿದ.

“ಸರಿ ಅಣ್ಣಾ,” ಎಂದ ರಾಜಾಮಣಿ. “ಈಗೀಗ ಹಿಂದ್ಗಡೆನೇ ಭಯ ಜಾಸ್ತಿ. ಅಲ್ಲಿ ಅನುಭವ ಇರೋರು ಬೇಕು.”

ಆ ಮಾತು ಎಷ್ಟು ಸಲೀಸಾಗಿ ಬಂತು ಎಂಬುದನ್ನು ಮಹದೇವಸ್ವಾಮಿ ಗಮನಿಸಿದರು. ನಿನ್ನೆ ಏರಿನಲ್ಲಿ ಬಗ್ಗಿ ಕೇಳಿದವನು ಇವನೇ. ಏನು ಕೇಳಿದನೋ ಅದನ್ನು ಯಾರಿಗೂ ಹೇಳಿಲ್ಲ. ಯಾಕೆ ಹೇಳಿಲ್ಲ? ಯಾವ ದಿನಕ್ಕೆಂದು ಕಟ್ಟಿಟ್ಟುಕೊಂಡಿದ್ದಾನೆ? ಇದನ್ನು ಆಮೇಲೆ ವಿಚಾರಿಸಬೇಕೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು, ಸದ್ಯಕ್ಕೆ ನಿಯಮಗಳನ್ನು ಹೇಳಿದರು. ಮುಚ್ಚಳದ ಕೆಳಗೆ ಬಟ್ಟೆ ಒದ್ದೆ ಮಾಡಿ ಹಾಕಬೇಕು. ಕೀ ಜೇಬಲ್ಲಿ ಬೇಡ. ಬೀಡಿ ಬೇಡ. ಕೆಮ್ಮು ಬಂದರೆ ನುಂಗಬೇಕು. ಸೀಟನ್ನು ಎತ್ತರಿಸುವ ಹಾಗಿಲ್ಲ, ಮೇಲಿನ ಕಂಬಿಗೆ ಬಣ್ಣದ ಟೇಪು ಸುತ್ತುವ ಹಾಗಿಲ್ಲ, ಹುಲಿಯ ರಬ್ಬರಂತೂ ಇಲ್ಲವೇ ಇಲ್ಲ. ರಾಜಾಮಣಿ ಎಲ್ಲಕ್ಕೂ ತಲೆಯಾಡಿಸಿದ. ಕ್ಯಾನುಗಳನ್ನು ಅದಲುಬದಲು ಮಾಡಿಕೊಂಡರು. ಅವನು ಹತ್ತಿ ಮಂಜಿನೊಳಗೆ ಹೋದ. ಹೋದದ್ದು ಕಂಡಿತು, ಕೇಳಿಸಲಿಲ್ಲ.

ಇಬ್ಬರು ಮುಂದೆ ಹೋದ ಮೇಲೆ ಮಹದೇವಸ್ವಾಮಿ ಪಾತ್ರೆ ಅಂಗಡಿಯನ್ನು ಏರಿದರು. ತಗಡು ಟರ್ರೆಂದಿತು, ಮಣಿಗಳು ಚಟಪಟನೆ ಸುರಿದವು, ಡೈನಮೋ ಗೊರಕೆ ಹೊಡೆಯಿತು. ಹಳ್ಳ ದಾಟಿ ಏರು ಬಂತು. ಅವರು ಒಳಗೊಳಗೇ ಕಿವಿ ಕೊಟ್ಟರು. ಮಂಡಿ ತನ್ನ ಪಾಡಿಗೆ ತಾನು ಹೇಳುತ್ತಿದ್ದಿರಬೇಕು, ಈ ಗದ್ದಲದಲ್ಲಿ ಅದರ ಮಾತು ಯಾರಿಗೂ ಬೇಕಿರಲಿಲ್ಲ. ಎರಡು ವಾರದಲ್ಲಿ ಮೊದಲ ಸಲ ಅವರು ತಲೆಯೆತ್ತಿ ಸೈಕಲ್ಲು ತುಳಿದರು. ಹಾದಿಯಲ್ಲಿ ಏನೂ ಇಲ್ಲದ ಕಡೆಯೂ ಒಂದೆರಡು ಸಲ ಬೆಲ್ಲು ಬಾರಿಸಿದರು. ಬೆಲ್ಲಿನ ಗುಣ ತಿಳಿಯಬೇಕಲ್ಲ.

ಏರಿನ ನೆತ್ತಿಯ ಹತ್ತಿರ ನಂಜುಂಡನ ಕೈ ಮೇಲಿತ್ತು.

ಮಹದೇವಸ್ವಾಮಿ ನಿಂತರು. ಎರಡೂ ಅಂಗೈಗಳಿಂದ ಎರಡೂ ಬೆಲ್ಲುಗಳನ್ನು ಮುಚ್ಚಿ ಹಿಡಿದು, ಸೈಕಲ್ಲನ್ನು ತೊಡೆಗೆ ಒರಗಿಸಿಕೊಂಡು ನಿಂತರು. ಮುಂದೆ ಮಂಜು. ರಾಜಾಮಣಿ ಕಾಣುತ್ತಿರಲಿಲ್ಲ. ಹನ್ನೊಂದು ವರ್ಷ ಆ ಜಾಗದಲ್ಲಿ ಕೈಯೆತ್ತಿದವರು ಅವರೇ. ಎತ್ತಿದ ಕೈಯ ಹಿಂದೆ ನಿಂತು ಕಾಯುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬಹಳ ಕೆಟ್ಟದಾಗಿರುತ್ತದೆ. ಕಾಲು ಗಂಟೆಯಾಯಿತು. ನಿಜವಾಗಿ ಅಲ್ಲೇನಿದೆ? ಇವನಿಗೆ ಕೇಳಿಸಿತೇ? ಅಥವಾ ಮೊದಲ ದಿನದ ಅಧಿಕಾರದ ರುಚಿಗೆ ಕೈಯೆತ್ತಿ ನಿಂತು ಮಜಾ ನೋಡುತ್ತಿದ್ದಾನೆಯೇ? ಮುಂದೆ ಹೋಗಿ ನೋಡಿಬಿಡಬಹುದು. ಹೋದರೆ ತಗಡು ಟರ್ರೆನ್ನುತ್ತದೆ. ಒಂದು ಹೆಜ್ಜೆ ಇಟ್ಟರು, ಮಂಡಿ ಕಟಕ್ ಎಂದಿತು. ಅಲ್ಲೇ ನಿಂತುಬಿಟ್ಟರು.

ನಂಜುಂಡನ ಕೈ ಇಳಿಯಲಿಲ್ಲ. ಬೆಲ್ಲಿನ ತಣ್ಣನೆಯ ಕಬ್ಬಿಣ ಅಂಗೈಯಲ್ಲಿ ಬೆಚ್ಚಗಾಗುವವರೆಗೆ ಮಹದೇವಸ್ವಾಮಿ, ಕಣ್ಣಿಗೆ ಕಾಣದ ಒಬ್ಬನ ಕೈಯನ್ನು ಒಪ್ಪಿಕೊಂಡು, ಅಲುಗದೆ ನಿಂತಿದ್ದರು.

ಕೊನೆಗೆ ಕೈ ಇಳಿಯಿತು. ಸಾಲು ಹೊರಟಿತು. ನೆತ್ತಿ ದಾಟಿದ ಕೂಡಲೇ ರಸ್ತೆಯ ನಡುವೆ ದೊಡ್ಡ ಲದ್ದಿ ಬಿದ್ದಿತ್ತು, ಒಂದಲ್ಲ, ನಾಲ್ಕು ಕಡೆ. ಪಕ್ಕದ ಬಿದಿರು ಸೀಳಿ ನೆಲಕ್ಕೆ ಬಾಗಿತ್ತು. ಮುಂದಿನ ಮೂವರೂ ಅದನ್ನು ಬಳಸಿಕೊಂಡು ಹೋದರು.

ಮಹದೇವಸ್ವಾಮಿ ಇಳಿದರು. ಆ ಕಡೆ ಈ ಕಡೆ ನೋಡಿ, ಬಗ್ಗಿ, ಲದ್ದಿಯ ಮೇಲೆ ಅಂಗೈ ಇಟ್ಟು ನೋಡಿದರು. ಬಿಸಿಯಾಗಿತ್ತು. ಒಂದರ ಮೇಲೆ ತೀರ್ಮಾನ ಮಾಡಬಾರದೆಂದು ಮಿಕ್ಕ ಮೂರನ್ನೂ ಮುಟ್ಟಿ ನೋಡಿದರು. ನಾಲ್ಕೂ ಬಿಸಿಯಾಗಿದ್ದವು. ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ಸೈಕಲ್ಲು ಹತ್ತಿ, ಹಿಂದೆ ಬರುವ ಯಾವುದಕ್ಕೂ ಅನುಮಾನ ಉಳಿಯದ ಹಾಗೆ, ಎರಡೂ ಬೆಲ್ಲುಗಳನ್ನು ಜೋರಾಗಿ ಬಾರಿಸುತ್ತ ಡೈರಿಯ ಕಡೆ ಹೊರಟರು.